ಸುಲ್ತಾನ ಸತ್ತದ್ದು ಹೇಗೆ

ನಮ್ಮ ಮನೆಯಲ್ಲಿ ಮೀನು ಎಂದರೆ ಅಡುಗೆಮನೆಯ ಸಂಗತಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಾಪುವಿನ ಮೀನಿನವಳು ಬುಟ್ಟಿ ಹೊತ್ತು ಅಂಗಳಕ್ಕೆ ಬರುತ್ತಿದ್ದಳು. ಅಜ್ಜಿ ಜಗಲಿಯಿಂದ ಇಳಿದು, ಬಂಗುಡೆಯ ಕಿವಿರು ಎತ್ತಿ ನೋಡಿ, ಇದು ಇವತ್ತಿನದು, ಇದು ನಿನ್ನೆಯದು ಎಂದು ತೀರ್ಪು ಕೊಡುತ್ತಿದ್ದರು. ಆ ತೀರ್ಪಿಗೆ ಎದುರಾಡುವ ಧೈರ್ಯ ಕಾಪುವಿನಿಂದ ಹಿಡಿದು ಉಡುಪಿಯವರೆಗೆ ಯಾವ ಮೀನಿನವಳಿಗೂ ಇರಲಿಲ್ಲ. ಮಧ್ಯಾಹ್ನಕ್ಕೆ ಅದು ಸಾರಿನಲ್ಲಿ ಬೆಂದು, ಸಂಜೆಗೆ ಉಳಿದದ್ದು ಬೆಕ್ಕಿನ ಪಾಲಾಗಿ, ಮರುದಿನ ಮತ್ತೆ ಬುಟ್ಟಿ ಬರುವುದು. ಅಂಥ ಮನೆಯ ಚಾವಡಿಯಲ್ಲಿ ಒಂದು ಮೀನು ಗಾಜಿನ ಪೆಟ್ಟಿಗೆಯೊಳಗೆ, ಸುಲ್ತಾನ ಎಂಬ ಹೆಸರಿಟ್ಟುಕೊಂಡು, ಎರಡು ತಿಂಗಳು ಮರ್ಯಾದೆಯಿಂದ ಬದುಕಿತು. ಅದು ಸತ್ತ ದಿನ ನಾವೆಲ್ಲ ಅತ್ತದ್ದೂ ನಿಜ, ಅತ್ತು ಮುಗಿಸಿ ಬೂತಾಯಿ ಮೀನಿನ ಗಸಿಯಲ್ಲಿ ಊಟ ಮಾಡಿದ್ದೂ ನಿಜ. ನಮಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸುಲ್ತಾನ ಮನೆಯವನು, ಬೂತಾಯಿ ಹೊರಗಿನದು.

ಸುಲ್ತಾನನನ್ನು ತಂದವರು ಮಾವ, ಅಂದರೆ ಅಮ್ಮನ ತಮ್ಮ. ದುಬೈಯಲ್ಲಿ ಯಾವುದೋ ಗೋದಾಮಿನಲ್ಲಿ ಕೆಲಸ, ಎರಡು ವರ್ಷಕ್ಕೊಮ್ಮೆ ರಜೆ. ಆ ಸಲ ಬಂದವರು ಟೇಪ್‌ರೆಕಾರ್ಡರು, ನೈಲಾನ್ ಸೀರೆ, ಮೂಗಿಗೆ ಹೊಡೆಯುವ ಅತ್ತರು ಇವೆಲ್ಲ ಸಾಲದೆಂದು ಒಂದು ದಿನ ಮಂಗಳೂರಿಗೆ ಹೋಗಿ, ಹಸಿರು ಬಣ್ಣದ ಕಬ್ಬಿಣದ ಚೌಕಟ್ಟಿನ ಅಕ್ವೇರಿಯಮ್ಮನ್ನು ಬಾಡಿಗೆ ಕಾರಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದರು. ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಮೂರು ಚಿನ್ನದ ಬಣ್ಣದ ಮೀನು, ಒಂದು ಜಡೆಯಂಥ ಗಿಡ, ಆ ಗಿಡಕ್ಕೆ ಅಂಟಿಕೊಂಡು ಬಂದ ಹತ್ತಾರು ಸಣ್ಣ ಶಂಖದ ಹುಳು. ಎರಡು ಮೀನು ಮೊದಲ ವಾರವೇ ಸತ್ತವು. ದಾರಿಯ ಆಯಾಸ ಎಂದರು ಮಾವ. ಮೂರನೆಯದು ಮಾತ್ರ ಗಟ್ಟಿಗ. ಬೆಳೆದು ನನ್ನ ಅಂಗೈ ಉದ್ದಕ್ಕೆ ಬಂದ. ನಮ್ಮ ಪರ್ಕಳದ ಅರ್ಧ ಊರು ಅವನನ್ನು ನೋಡಲು ನಮ್ಮ ಚಾವಡಿಗೆ ಬಂದು ಹೋಯಿತು. ಕಾಪುವಿನ ಮೀನಿನವಳೂ ಬುಟ್ಟಿ ಹೊರಗಿಟ್ಟು ಬಂದು ಗಾಜಿಗೆ ಮೂಗು ತಾಗಿಸಿ ನೋಡಿದಳು.

“ಇದು ಎಂತ ಮೀನು ಅಮ್ಮಾ? ಪದಾರ್ಥ ಮಾಡಿ ಉಣ್ಲಿಕ್ಕೆ ಆಗ್ತದಾ?”

ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ.

ನಮ್ಮ ಮನೆ ರಸ್ತೆಗೆ ತಾಗಿಕೊಂಡೇ ಇತ್ತು. ಉಡುಪಿ, ಕಾರ್ಕಳದ ಬಸ್ಸುಗಳು ಹಾದುಹೋಗುವಾಗ ಜಗಲಿಯ ಮೇಲೆ ಕುಳಿತವರ ಮಾತು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಮನೆ ಅಜ್ಜಿಯದು. ನಮ್ಮವರಲ್ಲಿ ಮನೆ ತಾಯಿಯ ಕಡೆಯಿಂದ ಬರುವುದು, ಆದ್ದರಿಂದ ಮಾತೂ ಅಜ್ಜಿಯದೇ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಇದ್ದರು, ವರ್ಷಕ್ಕೊಮ್ಮೆ ನೆಂಟರ ಹಾಗೆ ಬಂದು ಹೋಗುವರು. ಕೆಂಪು ಗಾರೆಯ ಚಾವಡಿ, ಅದರ ಹಿಂದೆ ಕತ್ತಲೆಯ ಒಳಕೋಣೆ, ಆಮೇಲೆ ಹೊಗೆಯ ಅಡುಗೆಮನೆ, ಹಿತ್ತಿಲಲ್ಲಿ ಬಾವಿ. ಜಗಲಿಯ ತುದಿಯಲ್ಲಿ ಬೇರೆಯೇ ಬಾಗಿಲಿರುವ ಒಂದು ಕೋಣೆ. ಅದರಲ್ಲಿ ಲಿಲ್ಲಿಬಾಯಿ ಬಾಡಿಗೆಗೆ ಇದ್ದರು.

ಈ ಮನೆಯಲ್ಲಿ ನಾನು ಹತ್ತು ವರ್ಷದವಳು, ಮತ್ತು ಎಲ್ಲ ಪ್ರಶ್ನೆಗೂ ಉತ್ತರ ಇದ್ದವಳು. ಬೆಲ್ಲದ ಡಬ್ಬ ಯಾರು ಮುಚ್ಚದೆ ಬಿಟ್ಟರು, ಕೋಳಿ ಯಾಕೆ ಮೊಟ್ಟೆ ಇಡುತ್ತಿಲ್ಲ, ಪಕ್ಕದ ಮನೆಯವರು ಯಾಕೆ ಮುಖ ಊದಿಸಿಕೊಂಡಿದ್ದಾರೆ, ಯಾವುದನ್ನು ಕೇಳಿದರೂ ನನ್ನ ಬಳಿ ಕಾರಣ ಸಿದ್ಧ. ಹತ್ತರಲ್ಲಿ ಏಳು ಸಲ ಅದು ಸರಿಯೂ ಆಗಿರುತ್ತಿತ್ತು. ಉಳಿದ ಮೂರು ಸಲ ಯಾರೂ ಪರೀಕ್ಷೆ ಮಾಡಿ ನೋಡುತ್ತಿರಲಿಲ್ಲ. ಅಮ್ಮ ನನ್ನನ್ನು ವಕೀಲೆ ಮಾಡಬೇಕು ಎನ್ನುತ್ತಿದ್ದರು. ಅಜ್ಜಿ ಮಾತ್ರ ಇವಳ ಬಾಯಿಗೆ ಒಂದು ಬೀಗ ಮಾಡಿಸಬೇಕು ಎನ್ನುತ್ತಿದ್ದರು.

ಅಕ್ವೇರಿಯಮ್ಮಿನ ನೀರಿನ ಕೆಲಸವೂ ನನ್ನದೇ. ಅಂಗಡಿಯವನು ಮಾವನಿಗೆ ಹೇಳಿದ್ದಂತೆ: ಬಾವಿ ನೀರು ಆದೀತು, ಆದರೆ ಒಂದು ದಿನ ಬಕೆಟಿನಲ್ಲಿ ಇಟ್ಟು ಹಾಕಿ, ತಿಂಡಿ ದಿನಕ್ಕೆ ಒಂದು ಚಿಟಿಕೆ ಮೀರಬೇಡಿ. ಮಾವ ಅದಕ್ಕೆಂದೇ ನೀಲಿ ಪ್ಲಾಸ್ಟಿಕ್ ಬಕೆಟ್ ಒಂದನ್ನು ತಂದಿದ್ದರು. ಅಜ್ಜಿಗೆ ಆ ಬಕೆಟನ್ನು ಕಂಡರೆ ಆಗದು. ಅವರಿಗೆ ನೀರು ಎಂದರೆ ತಾಮ್ರದ ನೀರು. ಚಾವಡಿಯ ಮೂಲೆಯಲ್ಲಿ ಮರದ ಮಣೆಯ ಮೇಲೆ ಅವರ ಕೊಡಪಾನ ಕುಳಿತಿರುತ್ತಿತ್ತು, ಅದರ ಬಾಯಿಗೆ ತಟ್ಟೆ, ತಟ್ಟೆಯ ಮೇಲೆ ಚೊಂಬು. ಶುಕ್ರವಾರ ಶುಕ್ರವಾರ ಹಿತ್ತಿಲ ಬಿಂಬುಳಿ ಮರದಿಂದ ಹುಳಿಕಾಯಿ ಕಿತ್ತು ಜಜ್ಜಿ, ಬೂದಿ ಸೇರಿಸಿ, ಕೊಡಪಾನದ ಒಳಗೂ ಹೊರಗೂ ತಿಕ್ಕಿ ತಿಕ್ಕಿ ಹೊಸ ಮದುಮಗಳ ಹಾಗೆ ಕೆಂಪಗೆ ಮಾಡುತ್ತಿದ್ದರು. ಮನೆಗೆ ಬೀಗ ಹಾಕಿ ಒಂದು ದಿನಕ್ಕಿಂತ ಹೆಚ್ಚು ಹೋಗುವುದಿದ್ದರೆ ವಾರ ಯಾವುದೇ ಇರಲಿ, ಕೊಡಪಾನವನ್ನು ಬೆಳಗಿ, ಕಂಠದವರೆಗೆ ನೀರು ತುಂಬಿಸಿಟ್ಟೇ ಹೊರಡಬೇಕು. ಹಿಂತಿರುಗಿ ಬಾಗಿಲು ತೆಗೆದಾಗ ತುಂಬಿದ ಕೊಡ ಎದುರಾಗಬೇಕು ಎನ್ನುವುದು ಅವರ ಕಟ್ಟಳೆ. ಬಂದವರೆಲ್ಲ ಮೊದಲು ಆ ನೀರು ಕುಡಿಯಬೇಕು. ಉಳಿದದ್ದನ್ನು ಚೆಲ್ಲಬಾರದು, ಯಾವುದಾದರೂ ಜೀವಕ್ಕೆ ಕೊಡಬೇಕು. ಸಾಮಾನ್ಯವಾಗಿ ಅದು ತುಳಸಿಗೆ ಹೋಗುತ್ತಿತ್ತು.

ಲಿಲ್ಲಿಬಾಯಿ ಕೆಮ್ಮಣ್ಣಿನವರು. ನಮ್ಮ ಪಕ್ಕದ ಮಣಿಪಾಲದ ಲ್ಯಾಬೊಂದರಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು. ಕೆಮ್ಮಣ್ಣಿನಿಂದ ಮೊದಲ ಬಸ್ಸು ಹೊರಡುವ ಹೊತ್ತಿಗೆ ಅವರು ಅರ್ಧ ಡಜನ್ ಜನರ ಬೆರಳು ಚುಚ್ಚಿ ಮುಗಿಸಿರುತ್ತಿದ್ದರು. ಮನೆಯಲ್ಲಿ ಅವರ ತಾಯಿ, ಹಾಸಿಗೆ ಹಿಡಿದ ತಂದೆ. ಪರ್ಕಳದ ಆ ಕೋಣೆ ಇದ್ದರೆ ಕೆಲಸ ಉಂಟು, ಕೆಲಸ ಇದ್ದರೆ ಆ ಮನೆ ಉಂಟು, ಅಷ್ಟು ಸ್ಪಷ್ಟ. ವಯಸ್ಸು ಮೂವತ್ತರ ಹತ್ತಿರ. ಒಬ್ಬಂಟಿ ಹೆಂಗಸಿಗೆ ಕೋಣೆ ಕೊಡಲು ಆಗೆಲ್ಲ ಜನ ಹತ್ತು ಸಲ ಯೋಚಿಸುತ್ತಿದ್ದರು. ಅಜ್ಜಿ ಒಂದೇ ಸಲ ಯೋಚಿಸಿ ಕೊಟ್ಟಿದ್ದರು. ನಮ್ಮ ಮನೆಮಾತು ತುಳು, ಅವರದು ಕೊಂಕಣಿ. ನಮ್ಮೊಡನೆ ಅವರು ಎರಡರ ನಡುವೆ ಕನ್ನಡ ಬೆರೆಸಿ ಮಾತಾಡುತ್ತಿದ್ದರು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ಮೇ ತಿಂಗಳಲ್ಲಿ ಕಾರ್ಕಳದಲ್ಲಿ ಅಮ್ಮನ ಚಿಕ್ಕಮ್ಮನ ಮಗಳ ಮದುವೆ. ಎರಡು ದಿನದ ಮಟ್ಟಿಗೆ ನಾವೆಲ್ಲ ಹೊರಟೆವು. ಅಜ್ಜಿ ಕೊಡಪಾನ ಬೆಳಗಿ ನೀರು ತುಂಬಿಸಿದರು. ಮಾವ ಚಾವಡಿಯ ಕೀಲಿಕೈಯನ್ನು, ಮೀನಿನ ತಿಂಡಿಯ ಡಬ್ಬವನ್ನು ಲಿಲ್ಲಿಬಾಯಿಯ ಕೈಗೆ ಕೊಟ್ಟು, ಒಂದು ಚಿಟಿಕೆ ಎಂದರೆ ಎಷ್ಟು ಎಂದು ಎರಡು ಬೆರಳು ಹಿಡಿದು ತೋರಿಸಿದರು. ಸೋಮವಾರ ಸಂಜೆ ಹಿಂತಿರುಗಿದಾಗ ಸುಲ್ತಾನ ಆರಾಮವಾಗಿ ಈಜುತ್ತಿದ್ದ. ಅಜ್ಜಿ ಎಲ್ಲರಿಗೂ ಒಂದೊಂದು ಲೋಟ ನೀರು ಕೊಟ್ಟರು. ನಾನು ಕುಡಿಯುತ್ತಾ ನನ್ನ ತಪಾಸಣೆ ಶುರು ಮಾಡಿದೆ. ಅಕ್ವೇರಿಯಮ್ಮಿನ ಪಕ್ಕದ ಸ್ಟೂಲಿನ ಮೇಲೆ ಬಿಸ್ಕತ್ತಿನ ಪುಡಿ ಬಿದ್ದಿತ್ತು. ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡು ಮೀಯಲು ಹೋದೆ.

ಬೆಳಿಗ್ಗೆ ಎದ್ದು ನೋಡಿದರೆ ಸುಲ್ತಾನ ಒಂದು ಪಕ್ಕಕ್ಕೆ ವಾಲಿಕೊಂಡು, ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದ. ಗುಳ್ಳೆ ಬಿಡುವ ಯಂತ್ರ ಗುರುಗುರು ಎನ್ನುತ್ತಲೇ ಇತ್ತು. ನಾನು ಕೂಗಿದೆ. ಮಾವ ಅರ್ಧ ಬೋಳಿಸಿದ ಮುಖದಲ್ಲಿ ಓಡಿ ಬಂದರು, ಅಮ್ಮ ಸೌಟು ಹಿಡಿದೇ ಬಂದರು, ಅಜ್ಜಿ ದೇವರ ದೀಪ ಹಚ್ಚುವುದನ್ನು ಬಿಟ್ಟು ಬಂದರು. ನಮ್ಮ ನಾಲ್ವರ ಎದುರಿಗೇ ಅವನು ಬಾಯಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ. ನನಗೆ ಎದೆ ಒಡೆದ ಹಾಗಾಯಿತು. ಆದರೆ ನನ್ನ ಬಾಯಿ ಎದೆಗಿಂತ ಚುರುಕು.

“ಯಾರು ಎಂತ ಹಾಕಿದ್ದು ಇದಕ್ಕೆ?” ಎಂದರು ಮಾವ.

“ಬಿಸ್ಕತ್ತು. ಲಿಲ್ಲಿಬಾಯಿ ಬಿಸ್ಕತ್ತು ಹಾಕಿದ್ದಾರೆ. ಸ್ಟೂಲಿನ ಮೇಲೆ ಪುಡಿ ಉಂಟು ನೋಡಿ.”

“ಪುಡಿ ಸ್ಟೂಲಿನ ಮೇಲೆ ಇದ್ದರೆ ನೀರಿನ ಒಳಗೆ ಇರುವ ಮೀನಿಗೆ ಎಂತ ಆಗ್ತದೆ?”

ಒಳ್ಳೆಯ ಪ್ರಶ್ನೆ. ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಆದರೆ ಉತ್ತರ ನನಗೆ ಗೊತ್ತಿತ್ತಲ್ಲ, ಅದು ಸರಿ ಎಂದು ಖಾತ್ರಿಯೂ ಇತ್ತು. ಸ್ಟೂಲಿನಿಂದ ನೀರಿಗೆ ಒಂದು ಗೇಣು ದೂರ. ಆ ಒಂದು ಗೇಣನ್ನು ನಾನು ದಾಟಿಬಿಟ್ಟೆ.

“ನೀರಿನಲ್ಲೂ ಇತ್ತು ಮಾವ. ನಿನ್ನೆ ಬಂದ ಕೂಡಲೇ ನಾನು ನೋಡಿದೆ. ಚೂರು ಚೂರು ತೇಲ್ತಾ ಇತ್ತು.”

ಮಧ್ಯಾಹ್ನ ಲಿಲ್ಲಿಬಾಯಿ ಕೆಲಸ ಮುಗಿಸಿ ಬರುವುದನ್ನೇ ಮಾವ ಜಗಲಿಯಲ್ಲಿ ಕಾದು ಕುಳಿತಿದ್ದರು. ಅವರು ಕೊಡೆ ಮಡಚುವ ಮೊದಲೇ ವಿಚಾರಣೆ ಶುರುವಾಯಿತು. ಲಿಲ್ಲಿಬಾಯಿ ನಿಂತಲ್ಲೇ ಎಲ್ಲವನ್ನೂ ಕೇಳಿದರು.

“ಸ್ಟೂಲಿನ ಹತ್ತಿರ ಕೂತು ಬಿಸ್ಕತ್ತು ತಿಂದದ್ದು ಹೌದು. ಮೀನು ನೋಡ್ಲಿಕ್ಕೆ ಚಂದ ಆಗ್ತಿತ್ತು, ಕೂತೆ. ತಿಂದದ್ದು ನಾನು. ಮೀನಿಗೆ ನೀವು ಕೊಟ್ಟ ಡಬ್ಬದ್ದು ಒಂದು ಚಿಟಿಕೆ. ಬೇರೆ ಎಂತದೂ ಹಾಕಲಿಲ್ಲ.”

“ಮಗು ನೋಡಿದ್ದಾಳೆ. ನೀರಿನಲ್ಲಿ ಇತ್ತು ಅಂತ ಹೇಳ್ತಾಳೆ.”

ಲಿಲ್ಲಿಬಾಯಿ ನನ್ನ ಕಡೆ ಒಮ್ಮೆ ತಿರುಗಿ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಆ ವಯಸ್ಸಿನಲ್ಲಿ ನನಗೆ ಅದು ಬರುತ್ತಿರಲಿಲ್ಲ.

“ನಾನು ಹಾಕಲಿಲ್ಲ,” ಎಂದರು.

“ನೋಡಿ ಲಿಲ್ಲಿಬಾಯಿ, ಮೀನು ಹೋದರೆ ಇನ್ನೊಂದು ಬರ್ತದೆ. ಗೊತ್ತಿಲ್ಲದೆ ಹಾಕಿದೆ, ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಮುಗೀತು.”

“ಹಾಕದ್ದನ್ನು ಹಾಕಿದೆ ಅಂತ ಹೇಳಿದರೆ ಅದು ಸುಳ್ಳಾಗುವುದಿಲ್ವಾ?”

ಮಾವನ ಮುಖ ಕೆಂಪಾಯಿತು. ಮನೆಯ ಹೆಂಗಸರು ಕೇಳುವಂತೆ ಬಾಡಿಗೆಯವರು ಎದುರುತ್ತರ ಕೊಟ್ಟದ್ದು ಅವರಿಗೆ ಮೀನಿಗಿಂತ ದೊಡ್ಡ ನಷ್ಟವಾಗಿತ್ತು.

“ಹಾಗಾದರೆ ತಿಂಗಳ ಕೊನೆಗೆ ರೂಮು ಬಿಡಿ. ಸುಳ್ಳು ಹೇಳುವವರನ್ನು ಮನೆಯ ಒಳಗೆ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ.”

ತಿಂಗಳ ಕೊನೆಗೆ ಇನ್ನು ಎಂಟೇ ದಿನ. ಅಜ್ಜಿ ಅಡ್ಡ ಬರಲಿಲ್ಲ. ಮಗ ಎರಡು ವರ್ಷಕ್ಕೊಮ್ಮೆ ಬರುವವನು, ಅವನ ಮಾತನ್ನು ಎಲ್ಲರೆದುರು ತಳ್ಳಿಹಾಕುವುದು ಅವರಿಗೂ ಕಷ್ಟ. ಮೇಲಾಗಿ ಮೊಮ್ಮಗಳು ಕಣ್ಣಾರೆ ಕಂಡಿದ್ದಾಳೆ. ಇನ್ನು ಪರ್ಕಳದಲ್ಲಿ ಲಿಲ್ಲಿಬಾಯಿಗೆ ಬೇರೆ ಕೋಣೆ ಸಿಗುವುದೂ ಸುಲಭವಿರಲಿಲ್ಲ. ಯಾರೇ ಆದರೂ ಮೊದಲ ಮನೆಯಿಂದ ಯಾಕೆ ಬಿಡಿಸಿದರು ಎಂದು ಕೇಳಿಯೇ ಕೇಳುವರು.

ಮರುದಿನ ಮಧ್ಯಾಹ್ನ ನಾನು ಬಾವಿಕಟ್ಟೆಯ ಹತ್ತಿರ ಇದ್ದಾಗ ಲಿಲ್ಲಿಬಾಯಿ ಬಂದರು. ಅತ್ತಿದ್ದಾರೇನೋ ಎಂದು ನೋಡಿದೆ. ಇಲ್ಲ.

“ಶಶೀ, ಆ ಶಂಖದ ಹುಳುಗಳನ್ನು ನೋಡಿದೆಯಾ?”

ನೋಡಿರಲಿಲ್ಲ. ಓಡಿ ಹೋಗಿ ನೋಡಿದೆ. ಅಕ್ವೇರಿಯಮ್ಮಿನ ನೀರನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ಗಾಜಿಗೆ ಅಂಟಿಕೊಂಡು ತೆವಳುತ್ತಿದ್ದ ಹುಳುಗಳೆಲ್ಲ ತಳದ ಮರಳಿನಲ್ಲಿ ಬಿದ್ದಿದ್ದವು, ಒಂದೂ ಮಿಸುಕುತ್ತಿರಲಿಲ್ಲ.

“ಹೆಚ್ಚು ತಿಂದು ಮೀನು ಸತ್ತಿತು ಅಂತ ಇಟ್ಟುಕೊಳ್ಳುವ,” ಎಂದರು ಲಿಲ್ಲಿಬಾಯಿ. “ಹುಳುಗಳಿಗೆ ಎಂತ ಆಯ್ತು? ಅವು ಕೊಳೆತದ್ದನ್ನು ತಿಂದೇ ಬದುಕುವವು ಅಲ್ವಾ? ಬಿಸ್ಕತ್ತು ಬಿದ್ದಿದ್ದರೆ ಅವಕ್ಕೆ ಹಬ್ಬ.”

ನನ್ನ ಉತ್ತರಕ್ಕೆ ಯಾರೂ ಅದುವರೆಗೆ ಹೀಗೆ ಎದುರು ಪ್ರಶ್ನೆ ಹಾಕಿರಲಿಲ್ಲ. ಕೋಪ ಬಂತು. ಬಿಸ್ಕತ್ತಿನಿಂದಲೇ ಎಂದು ತೋರಿಸಿಕೊಡುತ್ತೇನೆ ಎಂದೆ. ಸರಿ, ತೋರಿಸು, ಹೇಗೆ ತೋರಿಸುವುದು ಅಂತ ನಾನು ಹೇಳಿಕೊಡ್ತೇನೆ ಎಂದರು ಅವರು. ಸಂಜೆ ಮತ್ತೆ ಲ್ಯಾಬಿಗೆ ಹೋಗಿ, ಅಲ್ಲಿ ಎಸೆಯಲು ಇಟ್ಟಿದ್ದ ಅಗಲ ಬಾಯಿಯ ನಾಲ್ಕು ಗಾಜಿನ ಬಾಟಲಿ ತಂದು, ಕುದಿಯುವ ನೀರಿನಲ್ಲಿ ತೊಳೆದರು. ಇಬ್ಬರೂ ಗದ್ದೆಯ ಅಂಚಿನ ಹೊಂಡಕ್ಕೆ ಹೋಗಿ, ಮೈ ಒರೆಸುವ ಬೈರಾಸಿನ ಎರಡು ತುದಿ ಹಿಡಿದು ನೀರನ್ನು ಸೋಸಿ, ಕಡ್ಡಿಯಷ್ಟು ಸಣ್ಣ ಮರಿಮೀನುಗಳನ್ನೂ ನಾಲ್ಕಾರು ಶಂಖದ ಹುಳುಗಳನ್ನೂ ಹಿಡಿದೆವು. ನನ್ನ ಲಂಗ ಮಂಡಿಯವರೆಗೆ ಕೆಸರು. ಲಿಲ್ಲಿಬಾಯಿ ಸೀರೆಯನ್ನು ಎತ್ತಿ ಕಟ್ಟಿದ ರೀತಿ ನೋಡಿದರೆ ಕೆಮ್ಮಣ್ಣಿನ ಹೊಳೆಬದಿಯಲ್ಲಿ ಬೆಳೆದವರೆಂದು ಯಾರಾದರೂ ಹೇಳಬಹುದಿತ್ತು. ಒಂದು ಬಾಟಲಿಗೆ ಬಾವಿಯ ನೀರು, ಒಂದಕ್ಕೆ ನೀಲಿ ಬಕೆಟಿನ ನೀರು, ಒಂದಕ್ಕೆ ಬಕೆಟಿನ ನೀರಿನ ಜೊತೆ ಅರ್ಧ ಬಿಸ್ಕತ್ತು, ಕೊನೆಯದಕ್ಕೆ ಸುಲ್ತಾನ ಸತ್ತ ನೀರು. ಪ್ರತಿಯೊಂದರಲ್ಲೂ ಮೂರು ಮರಿ, ಒಂದು ಹುಳು. ನಾನು ಚೀಟಿ ಬರೆದೆ, ಅವರು ಅನ್ನದ ಅಗುಳು ಹಚ್ಚಿ ಅಂಟಿಸಿದರು. ಬಾಟಲಿಗಳನ್ನು ಅವರ ಬಾಗಿಲ ಪಕ್ಕ ಜಗಲಿಯ ಅಂಚಿನಲ್ಲಿ ಸಾಲಾಗಿ ಇಟ್ಟೆವು.

ಗುರುವಾರ ಬೆಳಿಗ್ಗೆ ನಾಲ್ಕನೆಯ ಬಾಟಲಿಯಲ್ಲಿ ಮೂರು ಮರಿಗಳೂ ಸತ್ತಿದ್ದವು, ಹುಳು ತಳ ಸೇರಿತ್ತು. ಬಿಸ್ಕತ್ತಿನ ಬಾಟಲಿಯವು ಹೊಟ್ಟೆ ಉಬ್ಬಿಸಿಕೊಂಡು ಓಡಾಡುತ್ತಿದ್ದವು. ಶುಕ್ರವಾರಕ್ಕೆ ಆ ಬಾಟಲಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು, ಆದರೂ ಮರಿಗಳು ಬದುಕಿದ್ದವು. ಸುಲ್ತಾನನ ನೀರು ಮಾತ್ರ ಮೊದಲ ದಿನದಿಂದಲೂ ತಿಳಿಯಾಗಿಯೇ ಇತ್ತು.

“ಈಗ ಎಂತ ಹೇಳ್ತೀ?”

“ನೀರಿನಲ್ಲೇ ವಿಷ ಉಂಟು.”

“ವಿಷ ಅಂತ ಚೀಟಿಯಲ್ಲಿ ಬರೆದುಕೊಟ್ಟರೆ ನಮ್ಮ ಡಾಕ್ಟ್ರು ಅದನ್ನು ನನ್ನ ಮುಖಕ್ಕೇ ಬಿಸಾಡ್ತಾರೆ. ಯಾವ ವಿಷ, ಎಲ್ಲಿಂದ ಬಂತು, ಯಾವಾಗ ಬಂತು, ಅದು ಹೇಳು.”

ಬಿಸ್ಕತ್ತು ನನ್ನ ಕೈಬಿಟ್ಟುಹೋಯಿತು ಎಂದು ನಾನು ದುಃಖಪಡಲಿಲ್ಲ. ಇದಕ್ಕಿಂತ ದೊಡ್ಡ ಉತ್ತರ ಸಿಗುವುದಿತ್ತಲ್ಲ. ನಾನು ಸಾಕ್ಷಿ ಹೇಳಿದ್ದನ್ನು ಮರೆತೇಬಿಟ್ಟೆ ಎಂದರೆ ನೀವು ನಂಬುವುದಿಲ್ಲ, ಆದರೆ ಹಾಗೆಯೇ ಆಯಿತು. ರಾತ್ರಿಯವರೆಗೆ ಮನೆಯವರ ತಲೆ ತಿಂದೆ. ಅಮ್ಮ ಸಾಬೂನಿನ ಕೈಯಲ್ಲಿ ನೀರು ಮುಟ್ಟಿದ್ದಾರಾ? ಮಾವ ಅತ್ತರು ಹಾಕಿಕೊಂಡು ಹತ್ತಿರ ಹೋಗಿದ್ದಾರಾ? ಸೊಳ್ಳೆಗೆ ಮದ್ದು ಹೊಡೆದದ್ದು ಯಾವ ದಿನ? ಮಾವ ಬೈದು ಓಡಿಸಿದರು. ಲಿಲ್ಲಿಬಾಯಿ ಅಷ್ಟರಲ್ಲಿ ತಮ್ಮ ಟ್ರಂಕಿಗೆ ಬಟ್ಟೆ ತುಂಬಲು ಶುರುಮಾಡಿದ್ದರು. ಅಜ್ಜಿಯನ್ನು ಕೇಳಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ. ದೇವರ ದೀಪ ಹಚ್ಚುವವರನ್ನು ವಿಷದ ಬಗ್ಗೆ ಯಾರು ಕೇಳುತ್ತಾರೆ?

ಶನಿವಾರ ಬೆಳಿಗ್ಗೆ ನೋಡಿದರೆ ಮೊದಲನೆಯ ಬಾಟಲಿ, ಬಾವಿ ನೀರಿನದು, ಅದರ ಮರಿಗಳೂ ಸತ್ತಿದ್ದವು. ಲಿಲ್ಲಿಬಾಯಿ ಕೆಲಸಕ್ಕೆ ಹೋಗಿಯಾಗಿತ್ತು. ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತೆಂದು ನಾನು ಜಗಲಿಯಲ್ಲಿ ಕಾಲು ಅಪ್ಪಳಿಸಿ ಅಳತೊಡಗಿದೆ. ಒಳಗೆ ತೆಂಗಿನಕಾಯಿ ತುರಿಯುತ್ತಿದ್ದ ಅಜ್ಜಿ ಹೊರಗೆ ಬಂದರು.

“ಅಯ್ಯೋ, ಅವೂ ಹೋದವಾ? ನಿನ್ನೆ ಸಂಜೆ ನಾನೇ ಒಳ್ಳೆಯ ನೀರು ಹಾಕಿದ್ದೆನಲ್ಲಾ ಮಗಾ. ಮೂರು ದಿನದ ಹಳೆ ನೀರಿನಲ್ಲಿ ಇದ್ದವು ಪಾಪ. ಅದನ್ನು ಚೆಲ್ಲಿ ಕೊಡಪಾನದ ನೀರು ತುಂಬಿಸಿದೆ.”

“ನೀವು ಯಾಕೆ ಮುಟ್ಟಿದ್ದು ಅಜ್ಜೀ?”

“ಎಂತ ಮಾತು ಇದು? ಮೊನ್ನೆ ಆ ದೊಡ್ಡವನಿಗೂ ನಾನೇ ಕೊಟ್ಟದ್ದಲ್ವಾ, ಕಾರ್ಕಳದಿಂದ ಬಂದ ದಿನ. ನೀನು ಮೀಯಲಿಕ್ಕೆ ಹೋಗಿದ್ದೆ. ಎರಡು ದಿನ ಮನೆಯವರ ಮುಖ ಕಾಣದೆ ಇತ್ತು ಅದು. ನಾವೆಲ್ಲ ಕುಡಿದ ನೀರನ್ನು ಅದಕ್ಕೂ ಕೊಟ್ಟೆ. ಅರ್ಧ ಕೊಡಪಾನ.”

ಅಳು ನಿಂತಿತು. ನಾನು ಕೊಡಪಾನದ ಹತ್ತಿರ ಹೋಗಿ ತಟ್ಟೆ ಸರಿಸಿ ಒಳಗೆ ನೋಡಿದೆ. ಹಿಂದಿನ ದಿನವಷ್ಟೇ ಬಿಂಬುಳಿ ಹಾಕಿ ಬೆಳಗಿದ್ದ ತಾಮ್ರ ಥಳಥಳಿಸುತ್ತಿತ್ತು. ಕಂಠದ ಮಡಿಕೆಯಲ್ಲಿ, ಬೆರಳು ಹೋಗದ ಕಡೆ, ನೀಲಿಯೂ ಹಸಿರೂ ಅಲ್ಲದ ಒಂದು ಗೆರೆ. ಮಧ್ಯಾಹ್ನ ಲಿಲ್ಲಿಬಾಯಿ ಬಂದ ಕೂಡಲೇ ಎಲ್ಲ ಹೇಳಿದೆ. ಅವರು ಕೊಡೆಯನ್ನು ಗೋಡೆಗೆ ಒರಗಿಸಿಟ್ಟು ಕೇಳಿದರು.

“ತೋಟಕ್ಕೆ ಬಿಡುವ ಮೈಲುತುತ್ತು ಯಾವ ಬಣ್ಣ?”

“ನೀಲಿ.”

“ಅದು ತಾಮ್ರದಿಂದಲೇ ಆದದ್ದು. ನಮ್ಮ ಕೆಂಪು ಮುರಕಲ್ಲಿನ ಬಾವಿಯ ನೀರಿಗೆ ತಾಮ್ರವನ್ನು ಕರಗಿಸುವ ಗುಣ ಉಂಟು. ಅದರ ಮೇಲೆ ನಿನ್ನ ಅಜ್ಜಿ ಹುಳಿ ಹಾಕಿ ಹೊಸದಾಗಿ ತಿಕ್ಕಿದ್ದಾರೆ, ಎರಡು ದಿನ ನೀರು ಹಾಗೇ ನಿಂತಿದೆ. ನಮಗೆ ಅಷ್ಟರಿಂದ ಎಂತದೂ ಆಗುವುದಿಲ್ಲ. ಮೀನು ಆ ನೀರನ್ನೇ ಉಸಿರಾಡುವುದು ಅಲ್ವಾ?” ಆಮೇಲೆ ಅಂದರು, “ಒಂದು ಸಲ ಆದದ್ದನ್ನು ನಂಬಬೇಡ. ಇನ್ನೊಂದು ಸಲ ನೋಡುವ.”

ಎರಡು ಬಾಟಲಿ, ಒಂದರಲ್ಲಿ ಬಕೆಟಿನ ನೀರು, ಒಂದರಲ್ಲಿ ಕೊಡಪಾನದ ನೀರು. ಭಾನುವಾರ ಬೆಳಿಗ್ಗೆ ಕೊಡಪಾನದ ಬಾಟಲಿ ಸತ್ತಿತ್ತು. ನಾವಿಬ್ಬರೂ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದೆವು. ನೀವು ಹೋಗಿ ಮಾವನಿಗೆ ಹೇಳಿ ಎಂದೆ.

“ನಾನು ಹೇಳಿದರೆ ರೂಮು ಉಳಿಸಿಕೊಳ್ಳಲಿಕ್ಕೆ ನಿನ್ನ ಅಜ್ಜಿಯ ಮೇಲೆ ಹಾಕಿದ ಹಾಗೆ ಆಗ್ತದೆ. ಹೇಳುವುದಿದ್ದರೆ ನೀನು ಹೇಳಬೇಕು. ಹೇಳು ಅಂತಲೂ ನಾನು ಹೇಳುವುದಿಲ್ಲ.”

ಹೇಳಲೋ ಬೇಡವೋ ಎಂದು ನಾನು ತೊಳಲಾಡಿದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಅಜ್ಜಿಗೆ ನೋವಾದೀತೆಂಬ ಯೋಚನೆ ಬಂದದ್ದು ಹೌದು, ಬಂದ ಹಾಗೆಯೇ ಹೋಯಿತು. ಗುಟ್ಟು ಬಿಡಿಸಿದವಳು ನಾನು ಎಂಬ ಹೆಮ್ಮೆ ಅದಕ್ಕಿಂತ ದೊಡ್ಡದಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ನಾನು ಎದ್ದು ನಿಂತು, ಬಾಟಲಿ ಒಂದರಿಂದ ಶುರುಮಾಡಿ ಕೊಡಪಾನದವರೆಗೆ ಶಾಲೆಯ ಭಾಷಣದಂತೆ ಒಪ್ಪಿಸಿದೆ. ಅಜ್ಜಿ ಅನ್ನ ಬಡಿಸುತ್ತಿದ್ದರು.

“ಎಂತ ಹುಚ್ಚು ಮಾತು,” ಎಂದರು ಮಾವ. “ಆ ನೀರು ನಾವೆಲ್ಲ ಕುಡಿಯಲಿಲ್ವಾ? ಅಮ್ಮ ಕೊಟ್ಟ ನೀರಿನಿಂದ ಮೀನು ಸಾಯ್ತದಾ?”

“ನೀನು ಸುಮ್ಮನಿರು,” ಎಂದರು ಅಜ್ಜಿ. “ತೋಡಿಗೆ ಮೈಲುತುತ್ತಿನ ನೀರು ಹೋದರೆ ಮೀನು ಹೇಗೆ ತೇಲ್ತದೆ ಅಂತ ನೀನು ಹುಟ್ಟುವ ಮೊದಲೇ ನಾನು ನೋಡಿದ್ದೇನೆ. ಕೊಡಪಾನದಲ್ಲೂ ಅದೇ ಇರ್ತದೆ ಅಂತ ನನಗೆ ತಲೆಗೆ ಹೋಗಲಿಲ್ಲ.”

ಅನ್ನದ ಪಾತ್ರೆ ಕೆಳಗಿಟ್ಟು, ಕೈ ತೊಳೆದು, ಸೆರಗು ಸರಿಮಾಡಿಕೊಂಡು ಅವರು ಜಗಲಿಯ ತುದಿಗೆ ನಡೆದರು. ನಾವೆಲ್ಲ ಹಿಂದೆ. ಆ ಕೋಣೆ ಬಾಡಿಗೆಗೆ ಕೊಟ್ಟ ಮೇಲೆ ಅಜ್ಜಿ ಅದರ ಬಾಗಿಲಿಗೆ ಹೋದದ್ದನ್ನು ನಾನು ನೋಡಿರಲಿಲ್ಲ. ಏನಿದ್ದರೂ ಕರೆಕಳಿಸುವುದೇ ಅವರ ರೀತಿ. ಲಿಲ್ಲಿಬಾಯಿ ಬಾಗಿಲು ತೆರೆದರು. ಒಳಗೆ ಟ್ರಂಕು ಕಟ್ಟಿ ಇಟ್ಟಿತ್ತು.

“ಮೀನು ಸತ್ತದ್ದು ನನ್ನ ಕೈಯಿಂದ. ನೀವು ಹೇಳಿದ ಮಾತು ಸರಿಯಾಗಿತ್ತು, ನಾವು ಕೇಳಲಿಲ್ಲ. ನೀವು ಎಲ್ಲಿಗೂ ಹೋಗಬೇಡಿ.”

ಮಾವನೂ ನೆಲ ನೋಡುತ್ತಾ, ನನ್ನದೂ ತಪ್ಪಾಯ್ತು ಎಂದರು. ಗಲ್ಫಿಗೆ ಹೋಗಿಬಂದ ಮೇಲೆ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಲಿಲ್ಲಿಬಾಯಿ ಆಗಲಿ ಎಂದು ತಲೆಯಾಡಿಸಿದರು, ಅಷ್ಟೇ. ಅಮ್ಮ ನನ್ನ ಬೆನ್ನು ತಟ್ಟಿದರು. ನಾನು ಕಂಬಕ್ಕೆ ಒರಗಿ, ಇನ್ನೂ ಯಾರು ಯಾರು ಹೊಗಳುತ್ತಾರೆ ಎಂದು ಕಾಯುತ್ತಿದ್ದೆ. ಎಲ್ಲರೂ ಒಳಗೆ ಹೋದ ಮೇಲೆ ಅಜ್ಜಿ ಜಗಲಿಯಲ್ಲಿ ಕುಳಿತು ನನ್ನನ್ನು ಹತ್ತಿರ ಕರೆದರು.

“ಮೀನು ನನ್ನ ನೀರಿನಿಂದ ಸತ್ತಿತು. ಆಯ್ತು. ಹಾಗಾದರೆ ನೀನು ನೀರಿನಲ್ಲಿ ನೋಡಿದ ಬಿಸ್ಕತ್ತು?”

ಒಂದು ಬಸ್ಸು ಹೋಯಿತು. ಅದರ ಸದ್ದು ಮುಗಿಯುವವರೆಗೆ ನನಗೆ ಸಮಯ ಸಿಕ್ಕಿತು.

“ಸ್ಟೂಲಿನ ಮೇಲೆ ಇತ್ತು,” ಎಂದೆ.

“ನೀರಿನಲ್ಲಿ?”

“ಇರಲಿಲ್ಲ.”

ಅಜ್ಜಿ ಬೈಯಲಿಲ್ಲ, ಹೊಡೆಯಲೂ ಇಲ್ಲ. ಅವರ ಮುಖದಲ್ಲಿ ಕೋಪ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನನಗೆ ಗೊತ್ತಿರಲಿಲ್ಲ ಮಗಾ,” ಎಂದರು. “ನಿನಗೆ ಗೊತ್ತಿತ್ತು.” ಆಮೇಲೆ ಜಗಲಿಯ ತುದಿಯ ಕಡೆ ಗದ್ದ ಎತ್ತಿ ತೋರಿಸಿದರು. “ಹೋಗಿ ಹೇಳಿ ಬಾ.”

ಹದಿನೈದು ಹೆಜ್ಜೆಯ ಜಗಲಿ. ಲಿಲ್ಲಿಬಾಯಿ ಟ್ರಂಕಿನಿಂದ ಬಟ್ಟೆ ತೆಗೆದು ಮತ್ತೆ ಹಗ್ಗದ ಮೇಲೆ ಹಾಕುತ್ತಿದ್ದರು. ನಾನು ಹೊಸ್ತಿಲ ಹೊರಗೇ ನಿಂತೆ.

“ಲಿಲ್ಲಿಬಾಯಿ, ನೀರಿನಲ್ಲಿ ಬಿಸ್ಕತ್ತು ಇರಲಿಲ್ಲ. ನಾನು ಸುಳ್ಳು ಹೇಳಿದ್ದು.”

“ಗೊತ್ತುಂಟು.”

“ಯಾರು ಹೇಳಿದರು? ಅಜ್ಜಿಯಾ?”

“ಯಾರು ಹೇಳಬೇಕು ಮಾರಾಯ್ತಿ? ಹಾಕದೆ ಇದ್ದವಳು ನಾನೇ ಅಲ್ವಾ?”

ಇಷ್ಟು ಸರಳವಾದದ್ದು ನನಗೆ ಹೊಳೆದೇ ಇರಲಿಲ್ಲ. ತಾಮ್ರ, ಹುಳಿ, ಮುರಕಲ್ಲಿನ ಬಾವಿ ಎಲ್ಲ ತಿಳಿದ ಜಾಣೆಗೆ, ಸುಳ್ಳು ಸಾಕ್ಷಿ ಯಾರ ಮೇಲೆ ಹೇಳುತ್ತೇವೋ ಅವರಿಗೆ ಅದು ಸುಳ್ಳೆಂದು ಆ ಕ್ಷಣವೇ ಗೊತ್ತಿರುತ್ತದೆ ಎಂಬುದು ತಿಳಿದಿರಲಿಲ್ಲ. ಗದ್ದೆಯ ಹೊಂಡದಲ್ಲಿ ಬೈರಾಸಿನ ಇನ್ನೊಂದು ತುದಿ ಹಿಡಿದಾಗ, ನನ್ನ ಸೊಟ್ಟ ಅಕ್ಷರದ ಚೀಟಿಗೆ ಅಗುಳು ಹಚ್ಚಿದಾಗ, ನನ್ನ ಪಕ್ಕ ಕುಳಿತು ಈಗ ಎಂತ ಹೇಳ್ತೀ ಎಂದು ಕೇಳಿದಾಗ, ಅಷ್ಟೂ ದಿನ, ತಮ್ಮನ್ನು ಬೀದಿಗೆ ಹಾಕಿದ ಸುಳ್ಳು ಈ ಬಾಯಿಯಿಂದಲೇ ಬಂದದ್ದೆಂದು ಅವರಿಗೆ ಗೊತ್ತಿತ್ತು. ಒಂದು ಸಲವೂ ಹೇಳಲಿಲ್ಲ. ಸುಲ್ತಾನ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ, ಹಾಗೆ ಬಾಯಿಬಿಟ್ಟು ಅಳತೊಡಗಿದೆ.

ಲಿಲ್ಲಿಬಾಯಿ ಕೈಯಲ್ಲಿದ್ದ ಸೀರೆಯನ್ನು ಹಗ್ಗಕ್ಕೆ ಹಾಕಿ, ರಸ್ತೆಯ ಕಡೆಗೊಮ್ಮೆ ನೋಡಿ, ನನ್ನ ರಟ್ಟೆ ಹಿಡಿದರು.

“ಅಳುವುದಾದರೆ ಒಳಗೆ ಬಂದು ಅಳು. ಹೊರಗೆ ನೋಡಿದವರು ನಾನು ಹೊಡೆದೆ ಅಂತ ಹೇಳಿಯಾರು.”